ಮರಿ ರಾತ್ರಿಯಿಡೀ ಅಳುತ್ತದೆ, ಏನು ಮಾಡಲಿ?

ಪ್ರಶ್ನೆ: ಎರಡು ತಿಂಗಳ ನಾಯಿಮರಿ ತಂದು ಮೂರು ದಿನವಾಯಿತು. ಹಾಲ್‌ನಲ್ಲಿ ಒಂಟಿಯಾಗಿ ಮಲಗಿಸಿದರೆ ರಾತ್ರಿಯಿಡೀ ಕುಂಯ್‌ಗುಟ್ಟುತ್ತದೆ. ಹಾಲು ಕೊಟ್ಟರೆ ಭೇದಿ. ಎಲ್ಲೆಂದರಲ್ಲಿ ಉಚ್ಚೆ. ನಮ್ಮದು ನಾಲ್ಕನೇ ಮಹಡಿಯ ಫ್ಲ್ಯಾಟ್.
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಅದು ಹಟವಲ್ಲ, ಭಯ. ಮೊನ್ನೆಯವರೆಗೂ ತಾಯಿ, ಒಡಹುಟ್ಟಿದವರ ಮೈಗೆ ಅಂಟಿಕೊಂಡು ಮಲಗಿದ ಜೀವ. ದಯವಿಟ್ಟು ಹಾಲ್‌ನಲ್ಲಿ ಬಿಡಬೇಡಿ. ನಿಮ್ಮ ಮಂಚದ ಪಕ್ಕ ರಟ್ಟಿನ ಪೆಟ್ಟಿಗೆಯಿಟ್ಟು, ನೀವು ಉಟ್ಟ ಹಳೇ ಪಂಚೆಯನ್ನೋ ಸೀರೆಯನ್ನೋ ಹಾಸಿ. ಅತ್ತಾಗ ಕೈ ಇಳಿಬಿಟ್ಟು ಮುಟ್ಟಿದರೆ ಸಾಕು. ಧೈರ್ಯ ಬಂದಂತೆ ಪೆಟ್ಟಿಗೆಯನ್ನು ಸ್ವಲ್ಪಸ್ವಲ್ಪ ದೂರ ಸರಿಸಿ.

ಹಸುವಿನ ಹಾಲು ನಿಲ್ಲಿಸಿ. ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಹಲವು ಮರಿಗಳಿಗೆ ಅರಗುವುದಿಲ್ಲ. ಮೊದಲಿದ್ದ ಮನೆಯ ಆಹಾರವನ್ನೇ ದಿನಕ್ಕೆ 4 ಸಲ ಕೊಡಿ. ಬದಲಿಸುವುದಾದರೆ 7 ದಿನಗಳಲ್ಲಿ ನಿಧಾನವಾಗಿ ಬೆರೆಸುತ್ತ ಬನ್ನಿ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ವಿಷ.

ಈ ವಯಸ್ಸಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಉಚ್ಚೆ ತಡೆಯಲಾರದು. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಬಾಲ್ಕನಿಯಲ್ಲಿ ಹಾಸಿದ ಪತ್ರಿಕೆಯ ಮೇಲೆ ಬಿಡಿ. ಆದ ತಕ್ಷಣ ಹೊಗಳಿ. ಗ್ರಿಲ್ ಸಂದಿಗೆ ಜಾಲರಿ ಕಟ್ಟಿಸಿ. ಬೈದರೆ ಅಡಗಿ ಮಾಡಲು ಕಲಿಯುತ್ತದೆ. ನೆಲಕ್ಕೆ ಫಿನೈಲ್ ಬೇಡ, ಪಂಜ ನೆಕ್ಕಿಕೊಂಡರೆ ಅಪಾಯ.

ಲಸಿಕೆ 6–8 ವಾರಕ್ಕೆ ಶುರುವಾಗಿ, 3–4 ವಾರಕ್ಕೊಮ್ಮೆ 16 ವಾರದವರೆಗೆ ನಡೆಯುತ್ತದೆ. ಅದು ಮುಗಿಯುವ ತನಕ ರಸ್ತೆ, ಪಾರ್ಕಿನ ನೆಲಕ್ಕೆ ಇಳಿಸಬೇಡಿ: ಮರಿಗಳಿಗೆ ವಾಂತಿ-ಭೇದಿ ತಂದು ಜೀವಕ್ಕೇ ಕುತ್ತಾಗುವ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಎತ್ತಿಕೊಂಡು ಆಟೋ ಸದ್ದು, ಜನರನ್ನು ಪರಿಚಯಿಸಿ. ಹಾಲು ಬಿಟ್ಟ ಮೇಲೂ ಭೇದಿ ನಿಲ್ಲದಿದ್ದರೆ, ವಾಂತಿಯಾದರೆ, ರಕ್ತ ಕಂಡರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ.