ಹೆಡ್‌ಫೋನ್ ಸರಿಯಾಗೇ ಇದೆ, ಎಸೀಬೇಡಿ

ನ್ಯೂಯಾರ್ಕಿನ ರಾಕ್ ಬ್ಯಾಂಡ್ ದ ಸ್ಟ್ರೋಕ್ಸ್‌ನ ಮೊದಲ ಆಲ್ಬಂ 'ಈಸ್ ದಿಸ್ ಇಟ್' ಕೇಳ್ತಾ ಇದ್ರೆ ಹಾಡುವವರ ದನಿ ಹಳೇ ಟೆಲಿಫೋನಿನಿಂದ ಬಂದಂಗಿದೆ, ಹೆಡ್‌ಫೋನ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಇಲ್ಲ, ಬೇಕಂತಲೇ ಹಾಗೆ ಮಾಡಿದ್ದು. ಗಾಯಕ ಜೂಲಿಯನ್ ಕಾಸಾಬ್ಲಾಂಕಾಸ್ ಅವರ ದನಿಯನ್ನು ಪೀವಿ ಕಂಪನಿಯ ಪುಟ್ಟ ಪ್ರಾಕ್ಟೀಸ್ ಆಂಪ್ (ಮನೇಲಿ ಗಿಟಾರ್ ಅಭ್ಯಾಸಕ್ಕೆ ಬಳಸೋ ಸ್ಪೀಕರ್ ಪೆಟ್ಟಿಗೆ) ಮೂಲಕ ಹಾಯಿಸಿ ರೆಕಾರ್ಡ್ ಮಾಡಿದ್ರು. ಗಾರ್ಡನ್ ರಫೇಲ್ ನಿರ್ಮಾಪಕ, ಜಾಗ ನ್ಯೂಯಾರ್ಕಿನ ಈಸ್ಟ್ ವಿಲೇಜಿನ ಒಂದು ನೆಲಮಾಳಿಗೆ ಸ್ಟುಡಿಯೊ. ಅದಕ್ಕೂ ಮುಂಚೆ ಇನ್ನೊಬ್ಬ ನಿರ್ಮಾಪಕ ಗಿಲ್ ನಾರ್ಟನ್ ಜೊತೆ ಮಾಡಿದ್ದ ರೆಕಾರ್ಡಿಂಗ್ ತೀರಾ ನುಣುಪಾಯ್ತು ಅಂತ ಬ್ಯಾಂಡಿನವರೇ ಪಕ್ಕಕ್ಕಿಟ್ಟಿದ್ರು. ಆ ಒರಟುತನ ಇಲ್ದೇ ಹೋಗಿದ್ರೆ ಈ ಆಲ್ಬಂ ನನ್ನನ್ನ ಇಷ್ಟು ಹಿಡಿದಿಡ್ತಾ ಇರ್ಲಿಲ್ಲ.

ನಿಮ್ಮ ಸಿಡಿಯ ಒಂಬತ್ತನೇ ಹಾಡು ಗೆಳೆಯರ ಸಿಡಿಯಲ್ಲಿ ಇಲ್ಲ ಅಂದ್ರಲ್ಲ, ಅವರದ್ದು ಅಮೆರಿಕದ ಪ್ರತಿ ಇರಬೇಕು. ಬ್ರಿಟನ್ನಿನಲ್ಲಿ ಆಲ್ಬಂ 2001ರ ಆಗಸ್ಟ್‌ನಲ್ಲೇ ಬಂತು. ಅಮೆರಿಕದ ಸಿಡಿ ಬರೋಷ್ಟರಲ್ಲಿ ಸೆಪ್ಟೆಂಬರ್ 11ರ ದಾಳಿ ಆಗಿತ್ತು. ಪೊಲೀಸರನ್ನ ಹೀಗಳೆಯೋ 'ನ್ಯೂಯಾರ್ಕ್ ಸಿಟಿ ಕಾಪ್ಸ್' ತೆಗೆದು 'ವೆನ್ ಇಟ್ ಸ್ಟಾರ್ಟೆಡ್' ಸೇರಿಸಿ ಅಕ್ಟೋಬರ್ 9ಕ್ಕೆ ಬಿಟ್ರು. ನಿಮ್ಮ ಪ್ರತಿಯನ್ನ ಜೋಪಾನ ಮಾಡಿ, ನನಗೆ ಅದೇ ಇಷ್ಟ.

ಒಂದ್ಸಲ ದನಿ ಬಿಟ್ಟು ಮೊದಲ ಹಾಡಲ್ಲಿ ನಿಕೊಲಾಯ್ ಫ್ರೇಚರ್ ಅವರ ಬಾಸ್ ಗಿಟಾರ್ (ತಗ್ಗು ಸ್ವರದ ಗಿಟಾರ್) ಮಾತ್ರ ಹಿಂಬಾಲಿಸಿ. ತಾಳ ಹಿಡಿಯೋದಷ್ಟೇ ಅಲ್ಲ, ಅದು ತಾನೇ ಒಂದು ರಾಗ ಹಾಡ್ತಾ ಅಡ್ಡಾಡುತ್ತೆ. ಪೂರ್ತಿ ಆಲ್ಬಂ ಮುಗಿಯೋಕೆ 40 ನಿಮಿಷವೂ ಬೇಡ, ಇವತ್ತು ರಾತ್ರಿನೇ ಕೇಳಿ.