‘ಫಾಸ್ಟ್’ ಎಂಬ ಇಂಗ್ಲಿಷ್ ಪದ ಗುಣವಾಚಕವೋ ಕ್ರಿಯಾವಿಶೇಷಣವೋ?

ಎರಡೂ ಹೌದು, ನಾಮಪದವೂ ಕ್ರಿಯಾಪದವೂ ಹೌದು. ಪದವನ್ನು ಒಂಟಿಯಾಗಿ ಹಿಡಿದು ಕೇಳಿದರೆ ಉತ್ತರ ಸಿಗುವುದಿಲ್ಲ. ವಾಕ್ಯದಲ್ಲಿ ಅದು ಯಾವ ಕೆಲಸ ಮಾಡುತ್ತಿದೆ ಎಂದು ನೋಡಬೇಕು.

‘ಎ ಫಾಸ್ಟ್ ಟ್ರೇನ್’ ಎಂದಾಗ ಅದು ರೈಲಿನ ಗುಣ ಹೇಳುತ್ತದೆ, ಹಾಗಾಗಿ ಗುಣವಾಚಕ. ‘ಶಿ ರನ್ಸ್ ಫಾಸ್ಟ್’ ಎಂದಾಗ ಓಟದ ರೀತಿ ಹೇಳುತ್ತದೆ, ಅಲ್ಲಿ ಕ್ರಿಯಾವಿಶೇಷಣ. ‘ದೇ ಫಾಸ್ಟ್ ಆನ್ ಏಕಾದಶಿ’ ಎಂದರೆ ಉಪವಾಸ ಮಾಡುತ್ತಾರೆ ಎಂದರ್ಥ. ಭೂತಕಾಲದಲ್ಲಿ ‘ಫಾಸ್ಟೆಡ್’ ಆಗುವುದರಿಂದ ಕ್ರಿಯಾಪದ. ‘ಎ ಲಾಂಗ್ ಫಾಸ್ಟ್’ನಲ್ಲಿ ನಾಮಪದ.

ಕನ್ನಡದವರಿಗೆ ಒಂದು ಸುಲಭದ ಪರೀಕ್ಷೆ ಉಂಟು: ‘ವೇಗವಾದ’ ಎಂದು ಹೊಂದಿದರೆ ಗುಣವಾಚಕ, ‘ವೇಗವಾಗಿ’ ಎಂದು ಹೊಂದಿದರೆ ಕ್ರಿಯಾವಿಶೇಷಣ. ಆದರೆ ಇದು ಕೈಕೊಡುವ ಜಾಗವೂ ಇದೆ. ‘ಹಿ ಈಸ್ ಹ್ಯಾಪಿ’ಯನ್ನು ನಾವು ‘ಸಂತೋಷವಾಗಿದ್ದಾನೆ’ ಎನ್ನುತ್ತೇವೆ. ಆ ‘ಆಗಿ’ಯನ್ನು ನಂಬಿದರೆ ಕೆಟ್ಟೆವು, ಏಕೆಂದರೆ ‘ಈಸ್’ ನಂತರ ಬಂದು ಕರ್ತೃವನ್ನು ಬಣ್ಣಿಸುವ ‘ಹ್ಯಾಪಿ’ ಗುಣವಾಚಕವೇ.

‘ಲಿ’ ಎಂದು ಮುಗಿದದ್ದೆಲ್ಲ ಕ್ರಿಯಾವಿಶೇಷಣ ಎಂಬ ಶಾಲೆಯ ಸೂತ್ರವನ್ನೂ ಪೂರ್ತಿ ನಂಬಬೇಡಿ. ‘ಫ್ರೆಂಡ್ಲಿ’, ‘ಲವ್ಲಿ’ ಗುಣವಾಚಕಗಳು.