ಯಂತ್ರದ ತಾಳಕ್ಕೆ ಎದೆಯ ದನಿ

ಪ್ರಶ್ನೆ: ಸೋಲ್ ಸಂಗೀತ ಅಂದರೆ ಎದೆ ತುಂಬಿ ಹಾಡುವುದು. ಅದಕ್ಕೆ ನಾಲ್ಕೈದು ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಸದ್ದು ಮಾತ್ರ ಜೋಡಿಸಿದರೆ ಬೋಳು ಅನಿಸುವುದಿಲ್ಲವೇ? ಇಬ್ಬರೇ ಸೇರಿ ಹೀಗೆ ಗೆದ್ದವರು ಇದ್ದಾರಾ?

ಉತ್ತರ: ನಾನೂ ನಿಮ್ಮ ಹಾಗೇ ಮೂಗು ಮುರಿದವನು. ಆಮೇಲೆ ಒಂದು ರಾತ್ರಿ 'ಟೇಂಟೆಡ್ ಲವ್' ಹಾಡಿನ ಎರಡೂ ರೂಪಗಳನ್ನು ಒಂದರ ಹಿಂದೊಂದು ಕೇಳಿದೆ. ಮೊದಲನೆಯದು ಅಮೆರಿಕದ ಗ್ಲೋರಿಯಾ ಜೋನ್ಸ್ 1960ರ ದಶಕದಲ್ಲಿ ಹಾಡಿದ್ದು. ತುತ್ತೂರಿ, ಡ್ರಮ್ಸ್, ಓಟ, ಎಲ್ಲಾ ಇದೆ. ಅಲ್ಲಿ ಅದು ಓಡಲಿಲ್ಲ. ಉತ್ತರ ಇಂಗ್ಲೆಂಡಿನ ಡಾನ್ಸ್ ಕ್ಲಬ್ಬುಗಳು ಮಾತ್ರ ಅದನ್ನು ಕೈಬಿಡಲಿಲ್ಲ.

1981ರಲ್ಲಿ ಲೀಡ್ಸ್ ನಗರದ ಸಾಫ್ಟ್ ಸೆಲ್ ಜೋಡಿ ಅದನ್ನೇ ಎತ್ತಿಕೊಂಡಿತು. ಹಾಡುಗಾರ ಮಾರ್ಕ್ ಆಲ್ಮಂಡ್, ಸಿಂಥ್‌ಗೆ ಡೇವ್ ಬಾಲ್. ತುತ್ತೂರಿ ತೆಗೆದರು, ವೇಗ ಇಳಿಸಿದರು. ಆ 'ಟಿಂಕ್ ಟಿಂಕ್' ಸದ್ದು ಒಮ್ಮೆ ಕಿವಿಗೆ ಬಿದ್ದರೆ ಮುಗೀತು! ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು.

ಬೋಳಾಗಿರುವುದೇ ಇಲ್ಲಿ ಲಾಭ. ವಾದ್ಯ ಕಡಿಮೆಯಾದಷ್ಟೂ ದನಿಗೆ ಅಡಗಲು ಜಾಗವಿಲ್ಲ. ಉಸಿರು, ನಡುಕ, ಸಣ್ಣ ಬಿರುಕು ಕೂಡ ಕೇಳುತ್ತದೆ. ಆಲ್ಮಂಡ್ ಅಲ್ಲಲ್ಲಿ ಶ್ರುತಿಯಿಂದ ಜಾರುವಂತೆ ನನಗೆ ಕೇಳುತ್ತದೆ. ಆದರೂ ಅದೇ ಇಷ್ಟ, ಏನು ಮಾಡೋದು?

ಗಟ್ಟಿ ಕಂಠವೇ ಬೇಕಿದ್ದರೆ ಯಾಜೂ ಎಂಬ ಇನ್ನೊಂದು ಜೋಡಿಯನ್ನು ಕೇಳಿ. ಸಿಂಥ್‌ಗೆ ಡೆಪೆಷ್ ಮೋಡ್ ಬ್ಯಾಂಡ್ ಬಿಟ್ಟು ಬಂದ ವಿನ್ಸ್ ಕ್ಲಾರ್ಕ್, ಹಾಡಲು ಬ್ಲೂಸ್ ಹಾಡುತ್ತಿದ್ದ ಆಲಿಸನ್ ಮೊಯೆ. 1982ರ 'ಓನ್ಲಿ ಯು' ಹಾಡಿನಲ್ಲಿ ಸಿಂಥ್ ಸ್ವರಗಳು ಸುಮ್ನೆ ತೊಟ್ಟಿಕ್ಕುತ್ತವೆ, ಆಕೆಯ ದನಿ ಮಾತ್ರ ಕೋಣೆ ತುಂಬುತ್ತದೆ. ಎರಡೇ ಆಲ್ಬಂ ಮಾಡಿ 1983ರಲ್ಲಿ ಬೇರೆಯಾದರು. ಹೊಟ್ಟೆ ಉರಿಯುತ್ತೆ ಅಲ್ವಾ? ಹೆಡ್‌ಫೋನ್ ಹಾಕಿಕೊಂಡೇ ಕೇಳಿ.